ಮೂರು ವರ್ಷ ಬಳಸಿದ ಮೇಲೆ: ಕೈಯಲ್ಲಿ ತಿರುಗಿಸುವ ಡೈ ಕಟಿಂಗ್ ಯಂತ್ರ

ಡೈ ಎಂದರೆ ಹೂವು, ಎಲೆಯಂತಹ ಆಕಾರದ ಅಲಗುಳ್ಳ ಲೋಹದ ಅಚ್ಚು. ಅದನ್ನು ಕಾಗದಕ್ಕೆ ಒತ್ತಿ ಆ ಆಕಾರ ಕತ್ತರಿಸುವ, ಆರು ಇಂಚು ಬಾಯಿಯ, ಹಿಡಿ ತಿರುಗಿಸಿ ನಡೆಸುವ, ಕರೆಂಟ್ ಬೇಡದ ಯಂತ್ರ ಇದು. ಮೈಸೂರಿನಲ್ಲಿ ಮೂರು ವರ್ಷದಿಂದ ಮುಖ್ಯವಾಗಿ ಮೂರು ಕೆಲಸಕ್ಕೆ ಬಳಸುತ್ತಿದ್ದೇವೆ: ದಸರೆಯಲ್ಲಿ ಗೊಂಬೆ ಕೂರಿಸುವವರಿಗೆ ಹೂವು-ತೋರಣ, ಸಂಕ್ರಾಂತಿಗೆ ಎಳ್ಳು ಬೀರುವ ಡಬ್ಬಿಗಳ ಅಲಂಕಾರ, ಮದುವೆ ಉಡುಗೊರೆ ಲಕೋಟೆ. ಯಂತ್ರದ ಮೇಲೆ ದೂರು ಕಡಿಮೆ. ಹೂವು ಚೆನ್ನಾಗಿ ಬರುವುದೂ ಅಂಚು ಹರಿದು ಕೆಡುವುದೂ ಬಹುಪಾಲು ಪ್ಲೇಟು (ಡೈ ಮತ್ತು ಕಾಗದದ ಅಡಿಗೂ ಮೇಲೂ ಇಡುವ ಪ್ಲಾಸ್ಟಿಕ್ ಹಲಗೆ) ಮತ್ತು ಕಾಗದದ ಕೈಯಲ್ಲಿದೆ. ಅಂಗಡಿಯಲ್ಲಿ ಇವೆರಡರ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಒಳಗಿರುವುದು ಇಷ್ಟೇ: ಒಂದರ ಮೇಲೊಂದು ಎರಡು ರೋಲರ್, ನಡುವೆ ಬದಲಾಗದ ಅಂತರ, ಪಕ್ಕದಲ್ಲಿ ಗೇರು. ಕಬ್ಬಿನ ಹಾಲಿನ ಗಾಣಕ್ಕೆ ಜಲ್ಲೆ ಕೊಟ್ಟ ಹಾಗೆ ಒಂದು ಕಡೆ ಕೊಟ್ಟರೆ ಇನ್ನೊಂದು ಕಡೆ ಬರುತ್ತದೆ. ತೆಳು ಲೋಹದ ಡೈಗೆ ಜೋಡಿಸುವ ಕ್ರಮ ಹೀಗೆ: ಅಡಿಗೆ ದಪ್ಪ ಹಲಗೆ, ಅದರ ಮೇಲೆ ಕಟಿಂಗ್ ಪ್ಲೇಟು, ಅದರ ಮೇಲೆ ಕಾಗದ, ಅಲಗು ಕಾಗದಕ್ಕೆ ತಾಗುವಂತೆ ಬೋರಲು ಹಾಕಿದ ಡೈ, ಕೊನೆಗೆ ಇನ್ನೊಂದು ಪ್ಲೇಟು. ಡೈಯನ್ನು ನೇರ ಇಡದೆ ಸ್ವಲ್ಪ ಓರೆಯಾಗಿ ಇಡಿ. ಉದ್ದನೆಯ ಅಲಗು ಪೂರ್ತಿ ಒಂದೇ ಸಲ ರೋಲರ್ ಅಡಿಗೆ ಬಂದರೆ ಹಿಡಿ ಗಕ್ಕನೆ ಬಿಗಿಯುತ್ತದೆ. ಓರೆಯಾಗಿದ್ದರೆ ಭಾರ ಹಂಚಿಹೋಗುತ್ತದೆ. ಪ್ಲೇಟು ಚಟಚಟ ಸದ್ದು ಮಾಡುವುದು ಸಹಜ, ಹೆದರಬೇಡಿ. ಆದರೆ ಹಿಡಿ ತಿರುಗದೆ ನಿಂತರೆ ಬಲ ಹಾಕಲೇಬೇಡಿ. ಹಿಂದಕ್ಕೆ ತಿರುಗಿಸಿ ತೆಗೆದು ಒಂದು ಪದರ ಕಡಿಮೆ ಮಾಡಿ. ಬಲ ಹಾಕಿದರೆ ಮೊದಲು ಮುರಿಯುವುದು ಗೇರಿನ ಹಲ್ಲು.

ಅಂತರ ಬದಲಾಗದ ಕಾರಣ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಲೆಕ್ಕಕ್ಕೆ ಬರುತ್ತದೆ. ಜೆರಾಕ್ಸ್ ಅಂಗಡಿಯ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಹಾಳೆಯ ದಪ್ಪ ಸುಮಾರು ಅಷ್ಟೇ, 0.1 ಮಿ.ಮೀ. ಹಾಗಾಗಿ ಡೈ ಸರಿಯಾಗಿ ಕತ್ತರಿಸದಿದ್ದರೆ ಅದೇ ಹಾಳೆಯೇ ಔಷಧ. ಅಂಚಿನಲ್ಲಿ ಕತ್ತರಿಸಿ ನಡುವೆ ಉಳಿದರೆ, ಉಳಿದ ಜಾಗದಷ್ಟೇ ತುಂಡು ಹರಿದು ಅಡಿಯ ಪ್ಲೇಟಿನ ಕೆಳಗೆ ಇಡಿ. ನಡುಭಾಗದಲ್ಲಿ ಒತ್ತಡ ಕಡಿಮೆಯಾಗುವುದು ಈ ಗಾತ್ರದ ಯಂತ್ರಗಳ ಸ್ವಭಾವ, ಏಕೆಂದರೆ ರೋಲರ್ ಎರಡು ತುದಿಯಲ್ಲಿ ಮಾತ್ರ ಆಧಾರ ಪಡೆದಿದೆ. ಒಂದು ತುಂಡಿನಿಂದ ಶುರುಮಾಡಿ, ಮೂರರ ಮೇಲೆ ಹೋಗಬೇಡಿ. ಮೂರಕ್ಕೂ ಕತ್ತರಿಸದಿದ್ದರೆ ಡೈ ಮೊಂಡಾಗಿದೆ ಅಥವಾ ಪ್ಲೇಟು ಸವೆದಿದೆ.

ಪ್ಲೇಟು ಉರುಟುರುಟಾಗಿ ಬಾಗುವುದೇ ಎಲ್ಲರ ದೂರು. ಅಲಗು ಕೊರೆದ ಮುಖ ಹಿಗ್ಗುತ್ತದೆ, ಇನ್ನೊಂದು ಮುಖ ಹಾಗೇ ಇರುತ್ತದೆ, ಆದ್ದರಿಂದ ಪ್ಲೇಟು ದೋಣಿಯಾಗುತ್ತದೆ. ಪ್ರತಿ ಸಲ ತೂರಿಸಿದ ಮೇಲೆ ಮಗುಚಿ ಹಾಕಿ, ಮುಂದಿನ ತುದಿಯನ್ನು ಹಿಂದಕ್ಕೆ ತಿರುಗಿಸಿ. ಇದೊಂದು ಅಭ್ಯಾಸದಿಂದ ಒಂದು ಜೊತೆ ಪ್ಲೇಟು ನಮಗೆ ಎರಡರಷ್ಟು ಕಾಲ ಬಾಳಿದೆ. ಎರಡು ಪ್ಲೇಟಿನಲ್ಲಿ ಒಂದನ್ನು ಮಾತ್ರ ಅಲಗಿನ ಕಡೆಗೆ ಮೀಸಲಿಡಿ, ಪೆನ್ನಿನಲ್ಲಿ ಗುರುತು ಹಾಕಿ. ಗೀರು ಬಿದ್ದ ಪ್ಲೇಟಿನಿಂದ ಎಂಬಾಸಿಂಗ್ (ಕಾಗದದ ಮೇಲೆ ಉಬ್ಬು ಚಿತ್ರ ಮೂಡಿಸುವುದು) ಮಾಡಿದರೆ ಆ ಗೀರೆಲ್ಲ ಕಾಗದದ ಮೇಲೆ ಮೂಡುತ್ತದೆ.

ಬದಲಿ ಪ್ಲೇಟು ಬೇಕಾದಾಗ ಬೋರ್ಡ್ ಬರೆಯುವ ಅಂಗಡಿಯಲ್ಲಿ ಆಕ್ರಿಲಿಕ್ ಕತ್ತರಿಸಿಕೊಡುತ್ತಾರೆ, ಅಗ್ಗ. ದಯವಿಟ್ಟು ತರಬೇಡಿ. ಆಕ್ರಿಲಿಕ್ ಗಾಜಿನ ಹಾಗೆ ಒಡೆಯುತ್ತದೆ, ಚೂರು ಕಣ್ಣಿಗೆ ಹಾರಬಹುದು. ಪಾಲಿಕಾರ್ಬೊನೇಟ್ ಎಂದೇ ಕೇಳಿ. ಕೊಳ್ಳುವ ಮೊದಲು ಹಳೆಯ ಪ್ಲೇಟು ಪಕ್ಕದಲ್ಲಿಟ್ಟು ದಪ್ಪ ಹೋಲಿಸಿ ನೋಡಿ.

ಕಾಗದದ ವಿಷಯ. ಸುರುಳಿಯಾಗಿ ಕತ್ತರಿಸಿದ ಪಟ್ಟಿಯನ್ನು ಸುತ್ತಿ ಮಾಡುವ ಸುರುಳಿ ಗುಲಾಬಿಗೆ 120ರಿಂದ 130 ಜಿಎಸ್‌ಎಂ ಹದ. 200 ದಾಟಿದರೆ ಸುತ್ತುವಾಗ ಸೀಳುತ್ತದೆ, ಬಿಟ್ಟ ಕೂಡಲೇ ಸ್ಪ್ರಿಂಗಿನಂತೆ ಬಿಚ್ಚಿಕೊಳ್ಳುತ್ತದೆ. ಎ4 ಹಾಳೆಯನ್ನು 10.5 ಗುಣಿಸು 9.9 ಸೆಂ.ಮೀ. ಅಳತೆಗೆ ಕತ್ತರಿಸಿದರೆ ಸರಿಯಾಗಿ ಆರು ತುಂಡು, 9.5 ಸೆಂ.ಮೀ. ಸುರುಳಿ ಡೈ ಇದ್ದರೆ ಹಾಳೆಗೆ ಆರು ಗುಲಾಬಿ, ಮೂಲೆಯ ಚೂರಿನಲ್ಲಿ ಚಿಕ್ಕ ಎಲೆಗಳು. ಸುತ್ತುವುದನ್ನು ಹೊರಗಿನ ತುದಿಯಿಂದ ಶುರುಮಾಡಿ, ನಡುವಿನ ಬಿಲ್ಲೆಯ ಕಡೆಗೆ ಬನ್ನಿ. ಸುತ್ತಿ ಮುಗಿದ ಮೇಲೆ ಬೆರಳು ಸ್ವಲ್ಪ ಸಡಿಲಿಸಿ ಹೂವು ತಾನಾಗಿ ಅರಳಲು ಬಿಡಿ, ಆಮೇಲೆ ಬಿಲ್ಲೆಗೆ ಅಂಟು ಹಚ್ಚಿ ಕೂರಿಸಿ ಹತ್ತು ಎಣಿಸುವವರೆಗೆ ಒತ್ತಿಹಿಡಿಯಿರಿ. ಬಿಗಿಯಾಗಿ ಸುತ್ತಿ ಹಾಗೇ ಅಂಟಿಸಿದರೆ ಅದು ಗುಲಾಬಿಯಾಗುವುದಿಲ್ಲ, ಮೊಗ್ಗಾಗಿಯೇ ಉಳಿಯುತ್ತದೆ.

ಮಲ್ಲಿಗೆಗೆ 100ರಿಂದ 120 ಜಿಎಸ್‌ಎಂ ಬಿಳಿ ಕಾಗದ ಸಾಕು. ಒಂದೂವರೆ ಇಂಚಿನ ಹೂವಿನ ಡೈಯಲ್ಲಿ ಒಂದು ಹೂವಿಗೆ ಮೂರು ಪದರ ಕತ್ತರಿಸಿ. ಬೆರಳು ಒದ್ದೆ ಮಾಡಿ ಎಸಳಿನ ಮೇಲೆ ಒಮ್ಮೆ ಸವರಿ, ಮೆತ್ತನೆ ಫೋಮ್ ಮೇಲಿಟ್ಟು ಮಣಿಯಂತಹ ಉಪಕರಣದಿಂದ ಎಸಳಿನ ತುದಿಯಿಂದ ನಡುವಿಗೆ ಒತ್ತಿದರೆ ಬಟ್ಟಲಿನಂತೆ ಮೇಲೆದ್ದು ನಿಲ್ಲುತ್ತದೆ. ಪ್ರತಿ ಪದರವನ್ನು ಅರ್ಧ ಎಸಳಿನಷ್ಟು ತಿರುಗಿಸಿ ಅಂಟಿಸಿ. ಒಣಗುವ ಮೊದಲು ಮುಟ್ಟಿದರೆ ಆಕಾರ ಕುಸಿಯುತ್ತದೆ.

ತೋರಣದ ಮಾವಿನ ಎಲೆಗೆ ನರಗಳ ಗುರುತೂ ಇರುವ ಡೈ ತೆಗೆದುಕೊಳ್ಳಿ. 160 ಜಿಎಸ್‌ಎಂ, ಎರಡೂ ಕಡೆ ಒಂದೇ ಬಣ್ಣ ಇಳಿದ ಕಾಗದ ಬೇಕು. ಮೇಲೆ ಮಾತ್ರ ಬಣ್ಣ ಮುದ್ರಿಸಿದ ಹಾಳೆಯಲ್ಲಿ ಅಂಚು ಬೆಳ್ಳಗೆ ಕಾಣುತ್ತದೆ, ಗೊಂಬೆ ಮೆಟ್ಟಿಲಿನ ದೀಪದ ಬೆಳಕಿಗೆ ಇನ್ನೂ ಎದ್ದು ತೋರುತ್ತದೆ.

ಬಟ್ಟೆ ಚೂರಿನಿಂದ ಮಾಡಿದ ಕೈಕಾಗದ ನೋಡಲು ಬಹಳ ಚಂದ, ಆದರೆ ಜಾಲರಿ ಡೈಗೆ ಆಗದು. ಹತ್ತಿ ನಾರು ಉದ್ದವಾಗಿರುವುದರಿಂದ ಕತ್ತರಿಸಿದ ಕಡೆಯೆಲ್ಲ ರೋಮ ಏಳುತ್ತದೆ. ದುಂಡು, ಚೌಕ, ಅಗಲ ಎಲೆಯಂತಹ ಸರಳ ಆಕಾರಕ್ಕೆ ಬಳಸಿ. ಒಳಗೆ ಹೂವಿನ ಎಸಳು, ಕಡ್ಡಿ ಸೇರಿಸಿದ ಹಾಳೆಯಲ್ಲಿ ಕಡ್ಡಿ ಇರುವ ಜಾಗ ಬಿಟ್ಟು ಡೈ ಇಡಿ. ಮಿನುಗು ಪುಡಿ ಅಂಟಿಸಿದ ಹಾಳೆ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಅದಕ್ಕೆ ಹಳೆಯ ಡೈ ಬೇರೆ ಇಟ್ಟುಕೊಳ್ಳುವುದು ವಾಸಿ. ಮದುವೆ ಪತ್ರಿಕೆ ಅಚ್ಚು ಹಾಕುವ ಪ್ರೆಸ್‌ಗಳಲ್ಲಿ ಕತ್ತರಿಸಿ ಉಳಿದ ಪಟ್ಟಿಗಳು ಕೇಳಿದರೆ ಸಿಗುತ್ತವೆ, ಚಿಕ್ಕ ಹೂವಿಗೆ ಅದಕ್ಕಿಂತ ಒಳ್ಳೆಯ ಕಾಗದ ಬೇಡ.

ಸೂಕ್ಷ್ಮ ಡೈಯಲ್ಲಿ ಕಾಗದ ಸಿಕ್ಕಿಕೊಂಡು ಬಿಡಿಸುವಾಗ ಹರಿದರೆ, ಕಾಗದಕ್ಕೂ ಡೈಗೂ ನಡುವೆ ಬಟರ್ ಪೇಪರ್ ಇಟ್ಟು ತೂರಿಸಿ. ಡೈ ಹಿಂಬದಿಯ ಚಿಕ್ಕ ತೂತುಗಳು ಇರುವುದೇ ಸೂಜಿಯಿಂದ ಚೂರು ತಳ್ಳಲಿಕ್ಕೆ.

ಎಳ್ಳು ಡಬ್ಬಿಯಲ್ಲಿ ಕಲಿತದ್ದು ಬೇರೆ. ಹುರಿದ ಕಡಲೆಬೀಜ, ಕೊಬ್ಬರಿಯ ಎಣ್ಣೆ ಕಾಗದಕ್ಕೆ ಇಳಿದು ಅಲಂಕಾರದ ಮೇಲೆ ಕಲೆಯಾಗುತ್ತದೆ. ಒಳಗೆ ಬಟರ್ ಪೇಪರ್ ಹಾಸಿ, ಹೂವನ್ನು ಡಬ್ಬಿ ತುಂಬಿಸಿದ ಮೇಲೆ ಕೊನೆಗೆ ಅಂಟಿಸಿ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಕಾಗದ ತೇವ ಹೀರಿ ಮೆತ್ತಗಾಗುತ್ತದೆ. ಆಗ ಅಲಗು ಕತ್ತರಿಸುವ ಬದಲು ಜಗ್ಗುತ್ತದೆ, ಎಸಳೂ ನಿಲ್ಲುವುದಿಲ್ಲ. ದಸರೆಯ ಕೆಲಸ ಬೀಳುವುದು ಇದೇ ತಿಂಗಳುಗಳಲ್ಲಿ, ಆದ್ದರಿಂದ ಕಾಗದವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ. ಡೈಗಳು ತುಕ್ಕು ಹಿಡಿಯುವುದೂ ಆಗಲೇ. ಒಣ ಬಟ್ಟೆಯಿಂದ ಒರೆಸಿ ಅಯಸ್ಕಾಂತದ ಹಾಳೆಗೆ ಅಂಟಿಸಿಡಿ. ಬೇಸಿಗೆಯಲ್ಲಿ ಪ್ಲೇಟುಗಳನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ.

ಕೊರತೆ ಎಂದರೆ ಅಗಲ. ದೊಡ್ಡ ಲಕೋಟೆಯನ್ನು ಒಂದೇ ಸಲ ಕತ್ತರಿಸಲು ಒಂಬತ್ತು ಇಂಚಿನ ಯಂತ್ರ ಬೇಕು. ಹೂವು, ಎಲೆ, ಚೀಟಿಗೆ ಆರು ಇಂಚು ಸಾಕೇ ಸಾಕು. ಹಳೆಯದನ್ನು ಕೊಳ್ಳುವುದಾದರೆ ಒಂದು ಚಿಕ್ಕ ಡೈ ಮತ್ತು 120 ಜಿಎಸ್‌ಎಂ ಹಾಳೆ ಕೈಯಲ್ಲಿ ಹಿಡಿದು ಹೋಗಿ. ಎಡಕ್ಕೊಮ್ಮೆ, ನಡುವೆ ಒಮ್ಮೆ, ಬಲಕ್ಕೊಮ್ಮೆ ಇಟ್ಟು ಕತ್ತರಿಸಿ ನೋಡಿ. ನಡುವೆ ಸ್ವಲ್ಪ ಉಳಿದರೆ ಹಾಳೆ ತುಂಡಿನಿಂದ ಸರಿಹೋಗುತ್ತದೆ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಬಂದರೆ ರೋಲರ್ ವಾಲಿದೆ, ಬಿಟ್ಟು ಬನ್ನಿ.