ಪಾದದ ಉರಿ, ಕೊಲೆಸ್ಟೆರಾಲ್ ಮತ್ತು ಸಕ್ಕರೆ: ಮೈಸೂರಿನ ಒಂದು ಆಹಾರ ಸಲಹಾ ಸೇವೆಯ ವಿಮರ್ಶೆ

ಮೈಸೂರಿನ ಮಧುಮೇಹ ಚಿಕಿತ್ಸಾಲಯವೊಂದು ತನ್ನ ರೋಗಿಗಳಿಗಾಗಿ ಮೂರು ತಿಂಗಳ ಆಹಾರ ಸಲಹಾ ಸೇವೆಯನ್ನು ನಡೆಸುತ್ತಿದೆ. ಬಹುಕಾಲದಿಂದ ಸಕ್ಕರೆ ಕಾಯಿಲೆಯಿದ್ದು, ಪಾದದ ಉರಿಯಿಂದ ರಾತ್ರಿ ನಿದ್ದೆಗೆಡುತ್ತಿದ್ದ ನಮ್ಮ ತಾಯಿಯವರನ್ನು ಅದಕ್ಕೆ ಸೇರಿಸಿದ್ದೆವು. ಸಕ್ಕರೆ ಬಿಟ್ಟರೆ ನರನೋವು ಮಾಯವಾಗುತ್ತದೆ, ಕೊಲೆಸ್ಟೆರಾಲ್ ತಾನೇ ಇಳಿಯುತ್ತದೆ ಎಂದು ಭರವಸೆ ಕೊಡುವವರಿಗೆ ಈಗ ಬರವಿಲ್ಲ. ಸಕ್ಕರೆ ಬಿಡುವುದರಿಂದ ಯಾವುದು ಬದಲಾದೀತು, ಯಾವುದು ಬದಲಾಗದು ಎಂಬುದನ್ನು ಮೊದಲ ಭೇಟಿಯಲ್ಲಿಯೇ ಬಿಡಿಸಿ ಹೇಳಿದ್ದು ಈ ಸೇವೆಯ ಹೆಚ್ಚುಗಾರಿಕೆ.

ಅಲ್ಲಿಯ ಆಹಾರ ತಜ್ಞೆ ಏನು ತಿನ್ನುತ್ತೀರಿ ಎಂದು ಕೇಳಲೇ ಇಲ್ಲ. "ಅಮ್ಮಾ, ತಿಂಗಳ ಸಾಮಾನಿನ ಚೀಟಿಯಲ್ಲಿ ಸಕ್ಕರೆ ಎಷ್ಟು ಕೆಜಿ ಬರೆಸ್ತೀರಿ?" ಎಂದರು. ಮೂವರಿರುವ ಮನೆಗೆ ನಾಲ್ಕು ಕೆಜಿ ಎಂದಾಗ, ಒಬ್ಬೊಬ್ಬರ ಪಾಲಿಗೆ ದಿನಕ್ಕೆ ಸುಮಾರು 44 ಗ್ರಾಂ ಬರುತ್ತದೆಂದು ಕಾಗದದ ಮೇಲೆ ಭಾಗಿಸಿ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯು ಇಂಥ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕಡಿಮೆಯಾದರೆ, ಅಂದರೆ ಸುಮಾರು 25 ಗ್ರಾಂನೊಳಗಿದ್ದರೆ, ಇನ್ನೂ ಒಳ್ಳೆಯದು ಎನ್ನುತ್ತದೆ. ಕಾಫಿಗೆ ಬೆಲ್ಲ ಹಾಕಿಕೊಂಡರೆ ತೊಂದರೆಯಿಲ್ಲವೆಂದು ತಾಯಿಯವರು ನಂಬಿದ್ದರು; ಬೆಲ್ಲವೂ ಜೇನುತುಪ್ಪವೂ ಇದೇ ಲೆಕ್ಕಕ್ಕೆ ಸೇರುತ್ತವೆ ಎಂಬುದು ಅವರಿಗೆ ಅಲ್ಲಿ ತಿಳಿಯಿತು.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಪಾದದ ಪರೀಕ್ಷೆ. ತಾಯಿಯವರಿಗೆ ಕಣ್ಣು ಮುಚ್ಚಲು ಹೇಳಿ, 10 ಗ್ರಾಂ ಒತ್ತಡಕ್ಕೆ ಬಾಗುವ ತೆಳುವಾದ ನೈಲಾನ್ ಎಳೆಯನ್ನು ಅಂಗಾಲಿನ ಬೇರೆಬೇರೆ ಕಡೆ ಮುಟ್ಟಿಸಿದರು. ಹಿಮ್ಮಡಿಯ ಹತ್ತಿರ "ಹೂಂ" ಎನ್ನುತ್ತಿದ್ದವರು ಹೆಬ್ಬೆರಳಿನ ಬುಡದಲ್ಲಿ ಎಳೆ ಬಾಗಿದರೂ ಸುಮ್ಮನೆ ಕುಳಿತಿದ್ದರು. ರಕ್ತದಲ್ಲಿ ಗ್ಲೂಕೋಸ್ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳೂ ಅವುಗಳಿಗೆ ರಕ್ತ ಒದಗಿಸುವ ಸಣ್ಣ ನಾಳಗಳೂ ಹಾಳಾಗುತ್ತವೆ. ಸಕ್ಕರೆ ಕಡಿಮೆ ಮಾಡಿದರೆ ಆ ಹಾನಿ ಮುಂದುವರಿಯುವ ವೇಗ ತಗ್ಗಬಹುದು, ಉರಿಯೂ ಸ್ವಲ್ಪ ಶಮನವಾಗಬಹುದು, ಆದರೆ ಸ್ಪರ್ಶ ಕಳೆದುಕೊಂಡ ಜಾಗಕ್ಕೆ ಅದು ಮರಳುತ್ತದೆಂಬ ಖಾತರಿಯಿಲ್ಲ ಎಂದು ವೈದ್ಯರು ತಿಳಿಸಿದರು. 1993ರಲ್ಲಿ ಫಲಿತಾಂಶ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಟೈಪ್ 1 (ದೇಹದಲ್ಲಿ ಇನ್ಸುಲಿನ್ ತಯಾರಾಗದ) ಮಧುಮೇಹಿಗಳ ಗ್ಲೂಕೋಸನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟಾಗ ನರದ ತೊಂದರೆ ಸುಮಾರು ಶೇ 60ರಷ್ಟು ಕಡಿಮೆಯಾಗಿತ್ತು. ನಮ್ಮಲ್ಲಿ ಹೆಚ್ಚಾಗಿರುವ ಟೈಪ್ 2ರಲ್ಲಿ ಅಷ್ಟು ಲಾಭ ಕಂಡುಬಂದಿಲ್ಲ. ಬಹಳ ದಿನ ಏರಿದ್ದ ಗ್ಲೂಕೋಸ್ ಔಷಧಿಯಿಂದ ತೀರ ವೇಗವಾಗಿ ಇಳಿದರೆ ನರನೋವು ಕೆಲಕಾಲ ಹೆಚ್ಚುವುದೂ ಉಂಟು. ಇನ್ಸುಲಿನ್ ಅಥವಾ ಗ್ಲೂಕೋಸ್ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಡೋಸ್ ಬಗ್ಗೆ ವೈದ್ಯರನ್ನು ಕೇಳದೆ ಊಟವನ್ನು ಒಮ್ಮೆಲೇ ಬದಲಿಸಬಾರದು ಎಂಬ ಎಚ್ಚರಿಕೆಯನ್ನು ಇಷ್ಟು ಸ್ಪಷ್ಟವಾಗಿ ಹೇಳುವವರನ್ನು ನಾನು ಬೇರೆಡೆ ಕಂಡಿಲ್ಲ.

ಕೊಲೆಸ್ಟೆರಾಲ್ ವಿಷಯದಲ್ಲಿಯೂ ಇದೇ ನಿಖರತೆಯಿತ್ತು. ಸಕ್ಕರೆಯಲ್ಲಿರುವ ಫ್ರಕ್ಟೋಸ್ ಅತಿಯಾದಾಗ ಯಕೃತ್ತು ಅದನ್ನು ಕೊಬ್ಬಾಗಿ ಮಾರ್ಪಡಿಸುವುದರಿಂದ, ಸಕ್ಕರೆ ಬಿಟ್ಟಾಗ ಮುಖ್ಯವಾಗಿ ಇಳಿಯುವುದು ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು. 'ಕೆಟ್ಟ ಕೊಲೆಸ್ಟೆರಾಲ್' ಎನ್ನುವ ಎಲ್‌ಡಿಎಲ್ ಮೇಲೆ ಹೆಚ್ಚಿನ ಪ್ರಭಾವ ಬೀರುವುದು ತುಪ್ಪ, ಬೆಣ್ಣೆ, ವನಸ್ಪತಿ, ಜೊತೆಗೆ ವಂಶಗುಣ. ತಾಯಿಯವರ ವರದಿಯಲ್ಲಿಯೂ ಹಾಗೆಯೇ ಆಯಿತು: ಟ್ರೈಗ್ಲಿಸರೈಡ್ 248ರಿಂದ 171ಕ್ಕೆ ಇಳಿದರೆ, ಎಲ್‌ಡಿಎಲ್ 128ರಿಂದ 124ಕ್ಕೆ ಬಂದು ನಿಂತಿತು. ಆದ್ದರಿಂದ ಕೊಲೆಸ್ಟೆರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ನಿಲ್ಲಿಸಲಿಲ್ಲ, ಅದು ಸರಿಯಾದ ನಿರ್ಧಾರವೆಂದೇ ನನ್ನ ಭಾವನೆ. ರಾತ್ರಿಯ ಉರಿ ಗಮನಕ್ಕೆ ಬರುವಷ್ಟು ಕಡಿಮೆಯಾಗಿದೆ. ಜೋಮು ಹಾಗೆಯೇ ಇದೆ. ಉರಿ ತಗ್ಗಿದ ಶ್ರೇಯವನ್ನೆಲ್ಲ ಸಕ್ಕರೆ ಬಿಟ್ಟದ್ದಕ್ಕೆ ಕೊಡಲಾಗದು, ಏಕೆಂದರೆ ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ಸೇವಿಸುವವರಲ್ಲಿ ಕಂಡುಬರುವ, ನರಗಳಿಗೂ ತೊಂದರೆ ಕೊಡುವ ವಿಟಮಿನ್ ಬಿ12 ಕೊರತೆ ಅವರಿಗೂ ಇತ್ತು, ಅದಕ್ಕೂ ಜೊತೆಯಲ್ಲಿಯೇ ಚಿಕಿತ್ಸೆ ನಡೆಯಿತು.

ಕೊರತೆಗಳನ್ನೂ ಹೇಳಬೇಕು. ಕೈಗೆ ಕೊಟ್ಟ ಆಹಾರ ಪಟ್ಟಿ ಇಂಗ್ಲಿಷಿನಲ್ಲಿತ್ತು; ಅದರಲ್ಲಿ ಓಟ್ಸ್, ಫುಲ್ಕಾ, ಪನೀರ್ ಇದ್ದವೇ ಹೊರತು ಮುದ್ದೆ, ಉಪ್ಪಿಟ್ಟು, ಬಸ್ಸಾರುಗಳ ಸುಳಿವಿರಲಿಲ್ಲ. ಎಷ್ಟು ದೊಡ್ಡ ಮುದ್ದೆ ತಿನ್ನಬಹುದು ಎಂದು ನಾವೇ ಕೇಳಿ ಬರೆಸಿಕೊಳ್ಳಬೇಕಾಯಿತು. ಇದಕ್ಕಿಂತ ಬೇಸರ ತಂದದ್ದು ಔಷಧಿ ಕೌಂಟರಿನಲ್ಲಿ ಮಾರುತ್ತಿದ್ದ 'ಸಕ್ಕರೆ ಸೇರಿಸಿಲ್ಲ' ಎಂಬ ಬಿಸ್ಕತ್ತು. ಪೊಟ್ಟಣ ತಿರುಗಿಸಿ ನೋಡಿದರೆ ಮೊದಲ ಪದಾರ್ಥವೇ ಮೈದಾ. ಮೈದಾ ಜೀರ್ಣವಾಗಿ ಗ್ಲೂಕೋಸೇ ಆಗುತ್ತದೆ. ಒಳಗಿನ ಕೋಣೆಯಲ್ಲಿ ಅಷ್ಟು ಪ್ರಾಮಾಣಿಕವಾಗಿ ಸಲಹೆ ಕೊಡುವ ಜಾಗದಲ್ಲಿ ಇದನ್ನು ಮಾರಬಾರದು.

ಹೊಸದಾಗಿ ಪಾದದ ಉರಿ ಕಾಣಿಸಿಕೊಂಡವರಿಗೆ ಈ ಸೇವೆಯನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಹೋಗುವಾಗ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಗ್ಲೂಕೋಸ್ ತೋರಿಸುವ ಪರೀಕ್ಷೆ), ಲಿಪಿಡ್ (ರಕ್ತದ ಕೊಬ್ಬು), ಬಿ12 ಮತ್ತು ಥೈರಾಯ್ಡ್ ವರದಿಗಳನ್ನೂ, ಈಗ ಸೇವಿಸುತ್ತಿರುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಅಡುಗೆ ಮಾಡುವವರು ಜೊತೆಗಿದ್ದರೆ ಸಲಹೆ ನೇರವಾಗಿ ಅವರಿಗೇ ಮುಟ್ಟುತ್ತದೆ.