ಹಳೆ 1612 ಲಾರಿಗೆ ಟರ್ಬೊ ಕಿಟ್: ಕಿಟ್‌ಗೆ ಮೂರು ಸ್ಟಾರ್, ಹಾಕಿಕೊಟ್ಟ ಬಳ್ಳಾರಿ ಗ್ಯಾರೇಜ್‌ಗೆ ಐದು

ಮೊದ್ಲೇ ಹೇಳಿಬಿಡ್ತೀನಿ, ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಟರ್ಬೊ ಹಾಕ್ಸಿದ್ದಕ್ಕೆ ನಮಗೆ ಖುಷಿನೇ ಐತೆ, ಆದ್ರೆ ಆ ಖುಷಿಲಿ ಮುಕ್ಕಾಲು ಪಾಲು ಹಾಕಿಕೊಟ್ಟ ಮೇಸ್ತ್ರಿಗೆ ಸೇರಬೇಕು, ಕಿಟ್ ಮಾರಿದೋರಿಗೆ ಅಲ್ಲ. ಇದೇ ಕಿಟ್ಟನ್ನ ಬೇರೆ ಯಾರಾದ್ರೂ ಅವಸರಕ್ಕೆ ಹಾಕಿಕೊಟ್ಟಿದ್ರೆ ಈ ಹೊತ್ತಿಗೆ ಇಂಜಿನ್ ಬಿಚ್ಚಿ ಹಾಕ್ಕೊಂಡು ಕೂತಿರ್ತಿದ್ವಿ.

ಗಾಡಿ ಟಾಟಾ 1612, ಆರು ಚಕ್ರ, 90ರ ದಶಕದ್ದು. 697 ಅನ್ನೋ ಮಾಡೆಲ್ ಇಂಜಿನ್, ಟರ್ಬೊ ಇಲ್ಲದೇ ಬಂದಿದ್ದು, ಆರು ಸಿಲಿಂಡರ್, 97 ಎಂಎಂ ಬೋರು (ಸಿಲಿಂಡರ್ ಅಗಲ) 128 ಎಂಎಂ ಸ್ಟ್ರೋಕು (ಪಿಸ್ಟನ್ ಓಡೋ ದೂರ), ಒಟ್ಟು 5675 ಸಿಸಿ. ಟಾಟಾದೋರು 1954ರಿಂದ 1969ರ ತನಕ ಬೆಂಜ್ ಕಂಪನಿ ಜೊತೆ ಸೇರಿ ಲಾರಿ ಮಾಡ್ತಿದ್ರಲ್ಲ, ಆ ವಂಶದ ಇಂಜಿನ್ ಇದು, ಬೆಂಜ್‌ನ ಓಎಂ 352ಕ್ಕೂ ಇದೇ ಬೋರು ಇದೇ ಸ್ಟ್ರೋಕು. ಸಾಯೋ ಇಂಜಿನ್ ಅಲ್ಲ ಇದು, ಆಯಿಲ್ ಟೈಮಿಗೆ ಬದಲಾಯಿಸ್ತಾ ಇದ್ರೆ ತಾತನ ಕಾಲದಿಂದ ಮೊಮ್ಮಗನ ಕಾಲಕ್ಕೂ ಓಡ್ತೈತೆ. ಆದ್ರೆ ಏರಲ್ಲಿ ಉಸಿರು ಕಟ್ತೈತೆ. ನಮ್ಮ ಕೆಲಸ ಹೆಚ್ಚಿಗೆ ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯಿಂದ ಭತ್ತ ಅಕ್ಕಿ ಸಾಗಿಸೋದು, ಅಲ್ಲಿ ಎಲ್ಲಾ ಸಪಾಟು ನೆಲ, ಏನೂ ತೊಂದ್ರೆ ಇಲ್ಲ. ಸಂಡೂರು ಕಡೆ ಲೋಡು ಸಿಕ್ಕಿತು ಅಂದ್ರೆ ಮಾತ್ರ ಏರಲ್ಲಿ ಸೆಕೆಂಡ್ ಗೇರು, ಹಿಂದೆ ಕರಿ ಹೊಗೆ, ಅದರ ಹಿಂದೆ ಹಾರ್ನ್ ಹೊಡೀತಾ ಹತ್ತಾರು ಗಾಡಿ. ಡ್ರೈವರ್‌ಗೂ ಬೇಜಾರು ನಮಗೂ ಬೇಜಾರು. ಹೊಸ ಗಾಡಿ ತಗೊಳ್ಳೋಕೆ ಇಎಂಐ ಲೆಕ್ಕ ಹಾಕಿದ್ರೆ ಭತ್ತದ ಬಾಡಿಗೆಲಿ ಹುಟ್ಟೋದೇ ಇಲ್ಲ.

ಕಿಟ್ ಬಗ್ಗೆ. ಕಂಪನಿ ಹೆಸರು ಇಲ್ಲಿ ಹಾಕಲ್ಲ. ಹೊರ ರಾಜ್ಯದಿಂದ ಟ್ರಾನ್ಸ್‌ಪೋರ್ಟ್ ಪಾರ್ಸೆಲ್‌ನಲ್ಲಿ ಬಂತು, ಟರ್ಬೊ, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಲ್ಲಾ ಸಿಲಿಂಡರ್ ಹೊಗೆ ಕೂಡಿಸೋ ಪೈಪು), ಆಯಿಲ್ ಹೋಗೋ ಪೈಪು, ಆಯಿಲ್ ವಾಪಸ್ ಬರೋ ಪೈಪು, ಗಾಳಿ ಪೈಪು, ಕ್ಲಾಂಪು, ಗ್ಯಾಸ್ಕೆಟ್ (ಸಂದಿ ಸೋರದಂಗೆ ಮಧ್ಯೆ ಇಡೋದು) ಎಲ್ಲಾ ಸೇರಿ 70 ಸಾವಿರದ ಆಸುಪಾಸು. ಟರ್ಬೊ ಚೆನ್ನಾಗೈತೆ, ಅದರಲ್ಲಿ ಎರಡು ಮಾತಿಲ್ಲ, ಬೆರಳಲ್ಲಿ ತಿರುಗಿಸಿದ್ರೆ ನುಣ್ಣಗೆ ತಿರುಗ್ತೈತೆ, ಶಾಫ್ಟ್ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿದ್ರೆ ಒಳಗಿನ ಚಕ್ರ ಹೊರಗಿನ ಕವಚಕ್ಕೆ ತಾಗಲ್ಲ. ಸುತ್ತಲಿನ ಸಾಮಾನು ಮಾತ್ರ ಅಗ್ಗದ್ದು. ಆಯಿಲ್ ವಾಪಸ್ ಪೈಪು ಸಣ್ಣದು, ಅದೂ ಸಾದಾ ರಬ್ಬರ್ ಹೋಸ್. ಗ್ಯಾಸ್ಕೆಟ್ ಪೇಪರ್‌ದು. ಮ್ಯಾನಿಫೋಲ್ಡು ಬೀಡಿಂದಲ್ಲ (ಎರಕದ ಕಬ್ಬಿಣದ್ದಲ್ಲ), ಪೈಪ್ ಕತ್ತರಿಸಿ ವೆಲ್ಡ್ ಮಾಡಿದ್ದು. ಕನ್ನಡ ಬಿಡ್ರಿ ಹಿಂದಿಲೂ ಒಂದು ಹಾಳೆ ಸೂಚನೆ ಇರಲಿಲ್ಲ, ಬರೀ ಒಂದು ಫೋಟೋ ವಾಟ್ಸಾಪ್ ಮಾಡಿದ್ರು, ಅದೂ ಬೇರೆ ಇಂಜಿನ್‌ದು. ದುಡ್ಡು ತಗೊಂಡು ಈ ಥರ ಮಾಡೋದು ತಪ್ಪು, ಇದನ್ನ ಗಟ್ಟಿಯಾಗೇ ಹೇಳ್ತೀನಿ, ಯಾಕಂದ್ರೆ ಆ ಸಣ್ಣ ಪೈಪಿಂದಲೇ ಟರ್ಬೊ ಹಾಳಾಗೋದು.

ಗ್ಯಾರೇಜ್ ಬಳ್ಳಾರಿ ಊರ ಹೊರಗೆ, ಲಾರಿ ಕೆಲಸದ ಶೆಡ್ಡುಗಳು ಸಾಲಾಗಿ ಇರೋ ಕಡೆ. ಮೇಸ್ತ್ರಿ ವಯಸ್ಸಾದೋರು, ಅದಿರು ಲಾರಿಗಳ ಭರಾಟೆ ಇದ್ದ ಕಾಲದಿಂದ ಇದೇ ಕೆಲಸ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ ಭಾಳ ಜನ ಮೆಕ್ಯಾನಿಕ್‌ಗಳು ಊರು ಬಿಟ್ರು, ಇವ್ರು ಬಿಡ್ಲಿಲ್ಲ. ಗಾಡಿ ನಿಲ್ಲಿಸಿದ ಕೂಡ್ಲೇ ಟರ್ಬೊ ಡಬ್ಬಿ ಬಿಚ್ಚಿ ನೋಡ್ತಾರೆ ಅನ್ಕೊಂಡಿದ್ವಿ, ಅದನ್ನ ಮುಟ್ಟಲೇ ಇಲ್ಲ, ಇಂಜಿನ್ ಸ್ಟಾರ್ಟ್ ಮಾಡಿಸಿ ಆಯಿಲ್ ಹಾಕೋ ಮುಚ್ಚಳ ತೆಗೆದು ಅಂಗೈ ಹಿಡಿದು ನೋಡಿದ್ರು, ಒಳಗಿಂದ ಗಾಳಿ ಎಷ್ಟು ತಳ್ತೈತೆ ಅಂತ. ಆಮೇಲೆ ಆರೂ ಸಿಲಿಂಡರ್ ಕಂಪ್ರೆಶನ್ ಚೆಕ್ ಮಾಡಿದ್ರು. "ಪಿಸ್ಟನ್ ರಿಂಗ್ ಸವೆದು ಹೋಗಿದ್ರೆ ಟರ್ಬೊ ಹಾಕಲ್ಲ, ವಾಪಸ್ ತಗೊಂಡು ಹೋಗ್ರಿ" ಅಂತ ಮುಖದ ಮೇಲೇ ಹೇಳಿದ್ರು. ನಮ್ಮ ಪುಣ್ಯ, ಇಂಜಿನ್ ಬಿಚ್ಚಿ ಸಿಲಿಂಡರ್ ಬೋರು ಮಾಡ್ಸಿ ಭಾಳ ದಿನ ಆಗಿರಲಿಲ್ಲ, ಇಂಜಿನ್ ಗಟ್ಟಿ ಇತ್ತು. ಬರೋ ಗಿರಾಕಿನ ವಾಪಸ್ ಕಳಿಸೋಕೆ ರೆಡಿ ಇರೋ ಗ್ಯಾರೇಜ್ ಮೇಲೆ ಅಲ್ಲೇ ನಂಬಿಕೆ ಬಂತು.

ಇನ್ನೊಂದು ಕೇಳಿದ್ದು ಕಾಗದ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಆರ್‌ಸಿಲಿ ಇರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಂಗೆ ಗಾಡಿ ಬದಲಾಯಿಸೋ ಹಂಗಿಲ್ಲ, 2019ರ ತಿದ್ದುಪಡಿ ಆದ್ಮೇಲೆ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ ಇಲ್ಲಾ ಆರು ತಿಂಗಳ ತನಕ ಜೈಲು, ಎರಡೂ ಆಗಬಹುದು. ನಾವು ಆರ್‌ಟಿಓ ಆಫೀಸಿಗೆ ಮೊದ್ಲೇ ಬರೆದುಕೊಟ್ಟು ಒಪ್ಪಿಗೆ ತಗೊಂಡು, ಇನ್ಶೂರೆನ್ಸ್‌ನೋರಿಗೂ ತಿಳಿಸಿ ಆಮೇಲೆ ಪಾನಾ ಹಚ್ಚಿದ್ದು. ಇದನ್ನ ಬಿಟ್ಟು ಮುಂದಕ್ಕೆ ಹೋಗಬ್ಯಾಡ್ರಿ, ಏನಾದ್ರೂ ಆಕ್ಸಿಡೆಂಟ್ ಆದ್ರೆ ಕ್ಲೈಮ್ ಟೈಮಲ್ಲಿ ಇದೇ ಎತ್ತಿ ಹಿಡೀತಾರೆ.

ಈಗ ಅಸಲಿ ಕೆಲಸ. ಟರ್ಬೊ ಅಂದ್ರೆ ಸೈಲೆನ್ಸರ್ ಕಡೆ ಹೋಗೋ ಬಿಸಿ ಹೊಗೆ ಒಂದು ಚಕ್ರ ತಿರುಗಿಸ್ತೈತೆ, ಅದೇ ಶಾಫ್ಟಿನ ಇನ್ನೊಂದು ತುದಿ ಚಕ್ರ ಗಾಳಿನ ಒತ್ತಿ ಇಂಜಿನ್‌ಗೆ ತುಂಬ್ತೈತೆ, ಅಷ್ಟೇ. ಆದ್ರೆ ಆ ಶಾಫ್ಟು ನಿಮಿಷಕ್ಕೆ ಲಕ್ಷ ಸುತ್ತಿನ ಲೆಕ್ಕದಲ್ಲಿ ತಿರುಗ್ತೈತೆ, ಅದೂ ಬಾಲ್ ಬೇರಿಂಗ್ ಮೇಲಲ್ಲ, ತೆಳ್ಳನೆ ಆಯಿಲ್ ಪದರದ ಮೇಲೆ ತೇಲ್ತಾ. ಆ ಆಯಿಲ್ ಇಂಜಿನ್ ಪ್ರೆಶರ್‌ನಲ್ಲಿ ಒಳಗೆ ಬರ್ತೈತೆ, ಹೊರಗೆ ಹೋಗುವಾಗ ಮಾತ್ರ ಪ್ರೆಶರ್ ಇರಲ್ಲ, ತನ್ನ ಭಾರಕ್ಕೆ ತಾನೇ ಕೆಳಗೆ ಇಳೀಬೇಕು. ವಾಪಸ್ ಪೈಪು ಸಣ್ಣದಾದ್ರೆ, ಎಲ್ಲಾದ್ರೂ ಮೇಲಕ್ಕೆ ಬಾಗಿದ್ರೆ, ಚೇಂಬರ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಒಳಗೆ ಆಯಿಲ್ ಮಟ್ಟಕ್ಕಿಂತ ಕೆಳಗೆ ಸೇರಿಸಿದ್ರೆ, ಆಯಿಲ್ ಟರ್ಬೊದಲ್ಲೇ ನಿಂತು ಸೀಲ್ ದಾಟಿ ಸೈಲೆನ್ಸರ್‌ಗೆ ಹೋಗ್ತೈತೆ, ನೀಲಿ ಹೊಗೆ ಶುರು. ಜನ "ಟರ್ಬೊ ಹೋಯ್ತು" ಅಂತ ಹೊಸದು ತರ್ತಾರೆ, ಅದೂ ಹೋಗ್ತೈತೆ. ನಮ್ಮ ಮೇಸ್ತ್ರಿ ಕಿಟ್‌ನ ಪೈಪು ಎತ್ತಿ ಪಕ್ಕಕ್ಕಿಟ್ಟು, ದಪ್ಪ ಸ್ಟೀಲ್ ಪೈಪು ನೆಟ್ಟಗೆ ಕೆಳಗಿಳಿಯೋ ಹಂಗೆ ಮಾಡ್ಸಿ, ಚೇಂಬರ್ ಬಿಚ್ಚಿ ಆಯಿಲ್ ಮಟ್ಟಕ್ಕಿಂತ ಮೇಲೆ ಪೈಪು ಕೂರೋ ಬಾಸ್ ವೆಲ್ಡ್ ಮಾಡ್ಸಿದ್ರು. ಚೇಂಬರ್ ಬಿಚ್ಚದೇ ಅಲ್ಲೇ ತೂತು ಹೊಡೀಬಹುದಿತ್ತು, ಅರ್ಧ ದಿನ ಉಳೀತಿತ್ತು, ಕಬ್ಬಿಣದ ಪುಡಿ ಒಳಗೆ ಬೀಳ್ತೈತೆ ಅಂತ ಅವ್ರು ಒಪ್ಪಲಿಲ್ಲ. ಆಯಿಲ್ ಪೈಪು ಕೂರೋ ಫ್ಲೇಂಜ್‌ಗೆ ಸಿಲಿಕಾನ್ ಪೇಸ್ಟ್ ಹಚ್ಚೋಕೂ ಬಿಡ್ಲಿಲ್ಲ, ಹುಡುಗ ಟ್ಯೂಬ್ ತಂದಾಗ ಕಿತ್ಕೊಂಡ್ರು, ಒಳಗೆ ಉಬ್ಬಿದ ಪೇಸ್ಟು ಕಿತ್ತು ಬಂದು ಆಯಿಲ್ ತೂತು ಮುಚ್ಚಿಬಿಡ್ತೈತಂತೆ. ಪೇಪರ್ ಗ್ಯಾಸ್ಕೆಟ್ ಬದಲು ಲೋಹದ ಗ್ಯಾಸ್ಕೆಟ್.

ಸ್ಟಾರ್ಟ್ ಮಾಡೋ ಮುಂಚೆ ಅವ್ರು ಮಾಡಿದ್ದು ನೋಡೋ ಹಂಗಿತ್ತು. ಟರ್ಬೊದ ಆಯಿಲ್ ತೂತಿಗೆ ಕ್ಯಾನಿಂದ ಹೊಸ ಆಯಿಲ್ ಸುರಿದು, ಗಾಳಿ ಕಡೆ ಚಕ್ರನ ತೋರುಬೆರಳಲ್ಲಿ ನಿಧಾನಕ್ಕೆ ತಿರುಗಿಸ್ತಾ ಇದ್ರು, ಆಯಿಲ್ ಬೇರಿಂಗಿಗೆ ಇಳಿಯೋ ತನಕ. ಆಮೇಲೆ ಕೆಳಗಿನ ಪೈಪು ಬಿಚ್ಚಿಟ್ಟು, ಡೀಸೆಲ್ ಸ್ಟಾಪ್ ಎಳೆದು ಹಿಡಿಸಿ, ಇಂಜಿನ್ ಹತ್ತದ ಹಂಗೆ ಬರೀ ಸೆಲ್ಫ್ ಹೊಡೆಸಿದ್ರು. ತುಂಡು ತುಂಡಾಗಿ ಆಯಿಲ್ ಬಂತು, ಆಮೇಲೆ ದಾರದ ಹಂಗೆ ಒಂದೇ ಸಮ ಇಳೀತು, ಆಗ "ಹ್ಞಾಂ, ಈಗ ಕಟ್ರಿ ಪೈಪು" ಅಂದ್ರು.

ಗಾಳಿ ಫಿಲ್ಟರ್ ಬಗ್ಗೆ ನಮ್ಮ ಕಡೆಯೋರು ಕಿವಿ ಕೊಟ್ಟು ಕೇಳ್ರಿ. ಹಳೆ ಗಾಡಿಗಳಲ್ಲಿ ಆಯಿಲ್ ಬಾತ್ ಫಿಲ್ಟರ್ ಇರ್ತೈತೆ, ಕೆಳಗೆ ಬಟ್ಟಲಲ್ಲಿ ಆಯಿಲ್. ನಮ್ದು ಬಿಚ್ಚಿದಾಗ ಬಟ್ಟಲ ತಳದಲ್ಲಿ ಕೆಂಪು ಕೆಸರು ಗಟ್ಟಿಯಾಗಿ ಕೂತಿತ್ತು, ಎಲ್ಲಾ ಅದಿರು ಧೂಳು. ತೋರಣಗಲ್ಲು, ಸಂಡೂರು, ಗಿಣಿಗೇರಾ ರೋಡಲ್ಲಿ ಓಡೋ ಗಾಡಿಗೆ ಇದು ದಿನದ ಊಟ. ಟರ್ಬೊ ಬಂದ್ಮೇಲೆ ಗಾಳಿ ಎಳೆತ ಜಾಸ್ತಿ ಆಗ್ತೈತೆ, ಆ ಆಯಿಲ್ಲೂ ಧೂಳೂ ಸೇರಿ ಮೇಲಕ್ಕೆ ಬರೋ ಭಯ, ಅಷ್ಟು ಸ್ಪೀಡಲ್ಲಿ ತಿರುಗೋ ಅಲ್ಯೂಮಿನಿಯಂ ರೆಕ್ಕೆಗೆ ಅದಿರು ಧೂಳು ಬಡಿದ್ರೆ ಅಂಚು ಸವೆದು ಹೋಗ್ತೈತೆ. ದೊಡ್ಡ ಡ್ರೈ ಪೇಪರ್ ಫಿಲ್ಟರ್ ಹಾಕ್ಸಿದ್ವಿ, ಒಳಗೊಂದು ಸೇಫ್ಟಿ ಫಿಲ್ಟರ್ ಇರೋದು. ಕಿಟ್‌ನೋರು ಇದರ ಬಗ್ಗೆ ಉಸಿರೇ ಎತ್ತಿರಲಿಲ್ಲ, ಇದರ ಖರ್ಚು ಬೇರೆ.

ಆಮೇಲೆ ಇಂಜಿನ್‌ಗೆ ಡೀಸೆಲ್ ಕೊಡೋ ಪಂಪು. ಇಲ್ಲೇ ಜನ ಇಂಜಿನ್ ಕಳ್ಕೊಳ್ಳೋದು. ನಮ್ದು ಮೈಕೋ ಕಂಪನಿಯ ಇನ್‌ಲೈನ್ ಪಂಪು, ಆ ಕಂಪನಿಗೆ ಬಾಷ್ ಅಂತ ಹೆಸರು ಬದಲಾಗಿದ್ದು 2008ರಲ್ಲಿ, ನಮ್ಮ ಕಡೆ ಈಗಲೂ ಮೈಕೋನೇ. ಡ್ರೈವರ್‌ಗೆ ಒಂದೇ ಆಸೆ, ಡೀಸೆಲ್ ಜಾಸ್ತಿ ಮಾಡಿಸಿ ಅಂತ. ಮೇಸ್ತ್ರಿ ಮ್ಯಾನಿಫೋಲ್ಡ್‌ಗೆ ಟರ್ಬೊಕ್ಕಿಂತ ಮುಂಚೆ ಹೊಗೆ ಬಿಸಿ ತೋರ್ಸೋ ಪೈರೋಮೀಟರ್ ಹಾಕಿ, ಕ್ಯಾಬಿನ್‌ನಲ್ಲಿ ಮೀಟರ್ ಕೂರಿಸಿ, ಅದನ್ನ ನೋಡ್ಕೊಂಡೇ ಪಂಪ್ ಸೆಟ್ಟಿಂಗ್ ಮಾಡಿಸಿದ್ರು. ಕಂಪನಿಯಿಂದಲೇ ಟರ್ಬೊ ಜೊತೆ ಬರೋ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ ತಳಕ್ಕೆ ಆಯಿಲ್ ಚಿಮ್ಮಿಸೋ ಜೆಟ್ಟು, ಕಂಪ್ರೆಶನ್ ಕಮ್ಮಿ ಇರೋ ಪಿಸ್ಟನ್ನು ಇರ್ತವೆ, ನಮ್ಮದರಲ್ಲಿ ಅದ್ಯಾವುದೂ ಇಲ್ಲ. ಪಿಸ್ಟನ್ನು ಅಲ್ಯೂಮಿನಿಯಂದು, ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗ್ತೈತೆ. ಪಿಸ್ಟನ್ನು ಹೊಗೆಯಷ್ಟು ಬಿಸಿ ಆಗಲ್ಲ ನಿಜ, ಆದ್ರೂ ತುಂಬಿದ ಲೋಡಲ್ಲಿ ಉದ್ದ ಏರಲ್ಲಿ ಮುಳ್ಳು 650 ದಾಟಿ ನಿಂತೇ ಬಿಟ್ರೆ ಅದು ಆಟ ಅಲ್ಲ. ಬೂಸ್ಟು, ಅಂದ್ರೆ ಟರ್ಬೊ ಗಾಳಿ ಒತ್ತಡ, 7 ಪಿಎಸ್‌ಐಗೆ ನಿಲ್ಲಿಸಿದ್ರು. ಒತ್ತಿದ ಗಾಳಿನ ತಣ್ಣಗೆ ಮಾಡೋ ಇಂಟರ್‌ಕೂಲರ್ ಇಲ್ಲ, ಬೇಸಿಗೆಲಿ ಬಳ್ಳಾರಿ ರಾಯಚೂರಲ್ಲಿ ಹೊರಗಿನ ಗಾಳಿನೇ 42 ಡಿಗ್ರಿ, ಒತ್ತಿದ್ಮೇಲೆ ಅದು 100ರ ಹತ್ರ ಬರ್ತೈತೆ, ಬಿಸಿ ಗಾಳಿಲಿ ದಮ್ ಕಮ್ಮಿ, ಅದಕ್ಕಿಂತ ಜಾಸ್ತಿ ಒತ್ತೋದ್ರಲ್ಲಿ ಅರ್ಥ ಇಲ್ಲ. ಪಂಪಿಗೆ ಬೂಸ್ಟ್ ಕಾಂಪೆನ್ಸೇಟರ್ ಹಾಕ್ಸಿದ್ದು ಭಾಳ ಒಳ್ಳೇದಾಯ್ತು, ಟರ್ಬೊ ಗಾಳಿ ಕಟ್ಟೋ ತನಕ ಅದು ಡೀಸೆಲ್ ತಡೆದು ಹಿಡೀತೈತೆ, ಕೆಳಗಿನ ಆರ್‌ಪಿಎಂನಲ್ಲಿ ಕರಿ ಹೊಗೆ ಬರಲ್ಲ.

ಈಗ ಹೆಂಗೈತೆ ಅಂದ್ರೆ, ಕುಮಾರಸ್ವಾಮಿ ಗುಡ್ಡದ ಕಡೆ ಏರಲ್ಲಿ ಸೆಕೆಂಡ್‌ಗೆ ಇಳೀತಿದ್ದ ಗಾಡಿ ಥರ್ಡಲ್ಲೇ ಹತ್ತತೈತೆ, ಪೈರೋಮೀಟರ್ 600ರ ಆಚೆ ಈಚೆ, ಕನ್ನಡಿಲಿ ನೋಡಿದ್ರೆ ಹಿಂದೆ ಹೊಗೆ ತೆಳ್ಳಗೆ. ಡ್ರೈವರ್ ಮುಖ ನೋಡಿದ್ರೇ ಗೊತ್ತಾಗ್ತೈತೆ. ಸಪಾಟು ರೋಡಲ್ಲಿ ಅಂಥಾ ವ್ಯತ್ಯಾಸ ಏನಿಲ್ಲ. ಆವರೇಜು ಲೋಡಲ್ಲಿ ಲೀಟರ್‌ಗೆ ನಾಲ್ಕರ ಹತ್ರ ಇದ್ದಿದ್ದು ಸ್ವಲ್ಪ ಮೇಲೆ ಬಂದೈತೆ, ಅರ್ಧ ಕಿಲೋಮೀಟರ್ ಅಂತ ಇಟ್ಕೊಳ್ರಿ, ಮೈಲೇಜ್ ಡಬಲ್ ಅಂತ ಯಾರಾದ್ರೂ ಹೇಳಿದ್ರೆ ನಂಬಬ್ಯಾಡ್ರಿ. ಕ್ಲಚ್ ಪ್ಲೇಟು ಮೊದ್ಲೇ ಸವೆದಿತ್ತು, ಜಾಸ್ತಿ ದಮ್ಮಿಗೆ ಜಾರೋಕೆ ಶುರು ಆಯ್ತು, ಬದಲಾಯಿಸಿದ್ವಿ. ರೇಡಿಯೇಟರ್ ಬಿಚ್ಚಿ ರಾಡ್ ಹೊಡೆಸಿ ಕ್ಲೀನ್ ಮಾಡ್ಸಿದ್ವಿ. ಎಲ್ಲಾ ಸೇರಿ ಕಿಟ್ ರೇಟಿನ ಮೇಲೆ ಇನ್ನೂ 50-60 ಸಾವಿರ ಇಟ್ಕೊಂಡೇ ಇಳೀಬೇಕು, ಬರೀ ಕಿಟ್ ದುಡ್ಡು ನೋಡಿ ಲೆಕ್ಕ ಹಾಕಬ್ಯಾಡ್ರಿ.

ಡ್ರೈವರ್ ಕಲೀಬೇಕಾದ್ದು ಒಂದೇ, ಆದ್ರೆ ಅದೇ ಕಷ್ಟ. ಏರು ಹತ್ತಿ ಬಂದ ಕೂಡ್ಲೇ ಢಾಬಾ ಮುಂದೆ ನಿಲ್ಲಿಸಿ ಟಕ್ಕಂತ ಆಫ್ ಮಾಡೋ ಹಂಗಿಲ್ಲ. ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಡಬೇಕು, ಇಲ್ಲಾಂದ್ರೆ ಕೆಂಪಗೆ ಕಾದಿರೋ ಟರ್ಬೊದಲ್ಲಿ ನಿಂತ ಆಯಿಲ್ ಸುಟ್ಟು ಕರಕಲಾಗಿ ಬೇರಿಂಗಿಗೆ ಅಂಟ್ತೈತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡ್ಲೇ ರೇಸ್ ಕೊಡೋದೂ ಬ್ಯಾಡ. ಮೇಸ್ತ್ರಿ ಇದನ್ನ ಡ್ರೈವರ್‌ಗೂ ಕ್ಲೀನರ್ ಹುಡುಗನಿಗೂ ಕೂರಿಸ್ಕೊಂಡು ಹೇಳಿದ್ರು, ಚಹಾ ತರಿಸಿ, ಮಾಲೀಕರಿಗೆ ಹೇಳಿ ಏನು ಪ್ರಯೋಜನ ಅಂತ. ಇದಕ್ಕೇ ಒಂದು ಸ್ಟಾರ್ ಜಾಸ್ತಿ ಕೊಡಬೇಕು ಅನ್ನಿಸ್ತೈತೆ.

ಕಿಟ್‌ಗೆ ಸ್ಟಾರ್ ಕಮ್ಮಿ ಆಗೋಕೆ ಇನ್ನೊಂದು ಕಾರಣ. ಬೇಸಿಗೆ ಶುರುವಾದ ಮೇಲೆ ಟಿಕ್ ಟಿಕ್ ಅಂತ ಸೌಂಡು ಬರೋಕೆ ಹತ್ತಿತು, ನೋಡಿದ್ರೆ ಆ ವೆಲ್ಡ್ ಮಾಡಿದ ಮ್ಯಾನಿಫೋಲ್ಡು ಮೂಲೆಲಿ ಕೂದಲೆಳೆ ಸೀಳು, ಸುತ್ತ ಕರಿ ಮಸಿ. ಟರ್ಬೊ ತೂಕ ಪೂರ್ತಿ ಅದರ ಮೇಲೆ, ಅದಕ್ಕೊಂದು ಆಸರೆ ಬ್ರ್ಯಾಕೆಟ್ಟೂ ಕೊಟ್ಟಿರಲಿಲ್ಲ. ಮಾರಿದೋರಿಗೆ ಫೋಟೋ ಕಳಿಸಿದ್ರೆ ನೋಡಿದ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಬೀಡಿನ ಮ್ಯಾನಿಫೋಲ್ಡ್ ಹುಡುಕಿ ಹೊಂದಿಸಿ, ಟರ್ಬೊ ಅಡಿಗೆ ಬ್ರ್ಯಾಕೆಟ್ ಕಟ್ಟಿಸಿದ ಮೇಲೆ ಸೌಂಡ್ ನಿಂತೈತೆ. ಗ್ಯಾರೇಜ್‌ನಲ್ಲಿ ಇದಕ್ಕೆ ಸಾಮಾನಿನ ದುಡ್ಡು ಮಾತ್ರ ತಗೊಂಡ್ರು, ಕೂಲಿ ಬ್ಯಾಡ ಅಂದ್ರು, ಮೊದ್ಲೇ ಇದನ್ನ ಬದಲಾಯಿಸಿ ಅಂತ ಒತ್ತಿ ಹೇಳಬೇಕಿತ್ತು ಅಂತ ಅವರಿಗೆ ಮನಸಲ್ಲಿ ಇತ್ತು. ಕಿಟ್ ತಗೊಳ್ಳೋರು ಬೀಡಿನ ಮ್ಯಾನಿಫೋಲ್ಡ್ ಇದ್ರೆ ಮಾತ್ರ ತಗೊಳ್ರಿ, ವಾಪಸ್ ಪೈಪಿನ ಫೋಟೋ ಮುಂಚೆನೇ ತರಿಸ್ಕೊಂಡು ನಿಮ್ಮ ಮೇಸ್ತ್ರಿಗೆ ತೋರ್ಸ್ರಿ. ಗ್ಯಾರೇಜ್‌ಗೆ ಹೋಗೋರು ಭತ್ತದ ಸುಗ್ಗಿ ಟೈಮ್ ಬಿಟ್ಟು ಹೋಗ್ರಿ, ಸುಗ್ಗಿಲಿ ಅಲ್ಲಿ ಗಾಡಿ ನಿಲ್ಲಿಸೋಕೂ ಜಾಗ ಸಿಗಲ್ಲ, ಅವ್ರು ಒಂದು ಗಾಡಿ ಮುಗಿಯೋ ತನಕ ಇನ್ನೊಂದು ಮುಟ್ಟಲ್ಲ.