ಆರ್‌ವಿ ಪ್ರವಾಸಕ್ಕೆ ಇಂಟರ್‌ನೆಟ್: ಫೋನ್ ಸಾಕಾ, ಸ್ಟಾರ್‌ಲಿಂಕ್ ಬೇಕಾ?

ಅಮೆರಿಕದಲ್ಲಿ ಆರ್‌ವಿ (ಮಲಗಲು, ಅಡುಗೆ ಮಾಡಲು ಜಾಗವಿರುವ ಮನೆಯಂಥ ಗಾಡಿ) ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಕಡೆ ಹೊರಟಿದ್ದೀರಾ? ಒಂದು ವಾರ ಸುತ್ತಾಡಿ, ನಡುವೆ ಊರಿನಲ್ಲಿರುವ ಅಮ್ಮನಿಗೆ ವಿಡಿಯೊ ಕಾಲ್ ಮಾಡುವುದಷ್ಟೇ ಆದರೆ ಫೋನಿನ ಹಾಟ್‌ಸ್ಪಾಟ್ ಸಾಕು. ಹೊಸ ಸಾಮಾನೇನೂ ಬೇಡ.

ಆದರೆ ಪ್ಲಾನ್ ಸರಿಯಾಗಿ ಓದಿಕೊಳ್ಳಿ. 'ಅನ್‌ಲಿಮಿಟೆಡ್' ಅಂದರೂ ಹಾಟ್‌ಸ್ಪಾಟ್ ಡೇಟಾಕ್ಕೆ ಸಾಮಾನ್ಯವಾಗಿ ಬೇರೆ ಮಿತಿ ಇರುತ್ತದೆ. ಅದು ಮುಗಿದ ಮೇಲೆ ಫೋನಿನಲ್ಲಿ ನೆಟ್ ಚೆನ್ನಾಗಿಯೇ ಓಡುತ್ತದೆ, ಲ್ಯಾಪ್‌ಟಾಪ್ ಮಾತ್ರ ತೆವಳುತ್ತದೆ. ಎಚ್‌ಡಿ ಸಿನಿಮಾ ಗಂಟೆಗೆ ಸುಮಾರು 3 ಜಿಬಿ ನುಂಗುತ್ತದೆ. ಮಕ್ಕಳ ಕೈಗೆ ಟ್ಯಾಬ್ ಕೊಡುವ ಮುಂಚೆ ಇದು ನೆನಪಿರಲಿ. ಇನ್ನು ಯೆಲ್ಲೋಸ್ಟೋನ್ ಒಳಗೆ ಹೆಚ್ಚಿನ ಕಡೆ ಸಿಗ್ನಲ್ಲೇ ಇಲ್ಲ. ಅಲ್ಲಿ ಸಿಗ್ನಲ್ ಬೂಸ್ಟರ್ ಹಾಕಿದರೂ ಅಷ್ಟೆ. ಅದು ಇರುವ ಸಿಗ್ನಲ್ ಹೆಚ್ಚಿಸುತ್ತದೆಯೇ ಹೊರತು ಇಲ್ಲದ್ದನ್ನು ಹುಟ್ಟಿಸುವುದಿಲ್ಲ.

ಸ್ಟಾರ್‌ಲಿಂಕ್ ಅಂದರೆ ಡಿಶ್ ಇಟ್ಟುಕೊಂಡು ಉಪಗ್ರಹದಿಂದ ನೆಟ್ ಪಡೆಯುವ ಸೇವೆ. ಅದಕ್ಕೆ ಟವರ್ ಬೇಡ, ತೆರೆದ ಆಕಾಶ ಬೇಕು. ಪೈನ್ ಮರಗಳ ಕೆಳಗೆ ಗಾಡಿ ನಿಲ್ಲಿಸಿದರೆ ಮೀಟಿಂಗ್ ಮಧ್ಯದಲ್ಲೇ ಕಡಿದುಹೋಗುತ್ತದೆ. ತಣ್ಣನೆ ನೆರಳೋ, ನೆಟ್ಟೋ, ಒಂದನ್ನು ಆರಿಸಿಕೊಳ್ಳಬೇಕು. ಅದರ ಚಿಕ್ಕ ಮಾದರಿಯಾದ ಮಿನಿ ಡಿಶ್ ಕೂಡ ಸುಮಾರು 25–40 ವ್ಯಾಟ್ ಎಳೆಯುತ್ತದೆ, ಬ್ಯಾಟರಿ ಮೇಲೆ ಕಣ್ಣಿಡಿ. ಡಿಶ್‌ಗೆ ಒಂದು ದುಡ್ಡು, ತಿಂಗಳ ಚಂದಾ ಬೇರೆ.

ರಜೆಗೆ ಹೋಗುವವರಿಗೆ ಫೋನೇ ಸರಿ ಅಂತ ನನ್ನ ಅನಿಸಿಕೆ. ಜೊತೆಗೆ ಬೇರೆ ಕಂಪನಿಯ ಪ್ರೀಪೇಯ್ಡ್ ಇ-ಸಿಮ್ ಒಂದು ಹಾಕಿಕೊಳ್ಳಿ. ವೆರೈಜನ್ ಸಿಗದ ಕಡೆ ಟಿ-ಮೊಬೈಲ್ ಸಿಗಬಹುದು, ಅಲ್ವಾ? ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ತಿಂಗಳುಗಟ್ಟಲೆ ಆರ್‌ವಿಯಲ್ಲೇ ಇದ್ದು ದಿನಾ ಆಫೀಸ್ ಕೆಲಸ ಮಾಡುವವರು ಮಾತ್ರ ಸ್ಟಾರ್‌ಲಿಂಕ್ ತೆಗೆದುಕೊಳ್ಳಿ. ಮರದಡಿ ನಿಂತ ದಿನಕ್ಕೆ ಹಾಟ್‌ಸ್ಪಾಟ್ ಇರಲಿ.